ಗಾಡಿಗಿಂತ ಮೊದಲು ಬರುವ ಗಾಳಿ

ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣ. ಸುರಂಗದ ಬಾಯಲ್ಲಿ ಇನ್ನೂ ಬೆಳಕಿಲ್ಲ, ಸದ್ದೂ ಇಲ್ಲ. ಅಷ್ಟರಲ್ಲೇ ತಮ್ಮನ ಮಗಳ ದುಪಟ್ಟಾ ಹಾರಿತು. "ಕಾಕಾ, ಗಾಡೀನ ಬಂದಿಲ್ಲ, ಗಾಳಿ ಹೆಂಗ ಬಂತು?"

ನಾವು ವಿಜಯಪುರದವರು. "ತೊರವಿ ಕಡೆ ಸುರಂಗ ಬಾವಡಿ ನೋಡೀಯಲ್ಲ, ಅಲ್ಲಿಂದ ಹೇಳ್ತೀನಿ" ಎಂದೆ.

ಆದಿಲ್‌ಶಾಹಿಗಳ ಕಾಲದಲ್ಲಿ ಊರಿಗೆ ನೀರು ತಂದ ಆ ಸುರಂಗದ ನೆತ್ತಿಯ ಮೇಲೆ ಅಲ್ಲಲ್ಲಿ ಬಾವಿಗಳಿವೆ. ನೀರು ಸೇದುವುದಷ್ಟೇ ಅವುಗಳ ಕೆಲಸವಲ್ಲ. ಅಗೆಯುವವರು ಇಳಿದದ್ದು, ಮಣ್ಣು ಮೇಲೆ ಬಂದದ್ದು, ಒಳಗಿದ್ದವರಿಗೆ ಉಸಿರು ಸಿಕ್ಕಿದ್ದು ಎಲ್ಲವೂ ಅವುಗಳಿಂದಲೇ. ಮೆಟ್ರೋ ಕಟ್ಟುವಾಗಲೂ ದಾರಿ ಇದೇ: ಮೊದಲು ಆಳದ ಗುಂಡಿ, ಅದರೊಳಗೆ ಕೊರೆಯುವ ಯಂತ್ರ ಇಳಿಸುವುದು, ಅದೇ ಗುಂಡಿಯಿಂದ ಮಣ್ಣು ಹೊರಗೆ. ಎಷ್ಟೋ ಕಡೆ ಆ ಗುಂಡಿಯೇ ಮುಂದೆ ನಿಲ್ದಾಣವಾಗುತ್ತದೆ.

ಗಾಳಿಯ ಮಾತಿಗೆ ಬರೋಣ. ಸುರಂಗದಲ್ಲಿ ಗಾಡಿಯ ಸುತ್ತ ಉಳಿಯುವ ಸಂದು ಕಡಿಮೆ. ಸೈಕಲ್ ಪಂಪಿನ ಹಿಡಿ ಒತ್ತಿದಂತೆ ಗಾಡಿ ತನ್ನ ಮುಂದಿನ ಗಾಳಿಯನ್ನು ನೂಕಿಕೊಂಡೇ ಬರುತ್ತದೆ. ಅದು ಹೊರಹೋಗಲೆಂದೇ ನಿಲ್ದಾಣದ ತುದಿಗಳಲ್ಲಿ ನೆಲದ ಮೇಲಿನವರೆಗೂ ಗಾಳಿಗೂಡು ಕಟ್ಟುತ್ತಾರೆ. ಅಲ್ಲಿನ ದೊಡ್ಡ ಫ್ಯಾನುಗಳು ಎರಡೂ ದಿಕ್ಕಿಗೆ ತಿರುಗಬಲ್ಲವು. ಬೆಂಕಿ ಬಿದ್ದರೆ ಹೊಗೆಯನ್ನು ಒಂದು ಕಡೆ ಎಳೆದು, ಜನ ಓಡುವ ಕಡೆ ಹೊಸ ಗಾಳಿ ಬಿಡಬೇಕಲ್ಲ! ಇಡೀ ನಿಲ್ದಾಣದಲ್ಲಿ ನನಗೆ ಅತಿ ದೊಡ್ಡ ಜಾಣತನವಾಗಿ ಕಾಣುವುದು ಇದೇ.

ಈ ಜಾಣತನ ಕಷ್ಟಪಟ್ಟು ಬಂದದ್ದು. ಜಗತ್ತಿನ ಮೊದಲ ನೆಲದಡಿಯ ರೈಲು 1863ರ ಜನವರಿ 10ರಂದು ಲಂಡನ್ನಿನಲ್ಲಿ ಜನರನ್ನು ಹತ್ತಿಸಿಕೊಂಡಿತು. ರಸ್ತೆ ಅಗೆದು, ಹಳಿ ಹಾಕಿ, ಮೇಲೆ ಇಟ್ಟಿಗೆ ಕಮಾನು ಕಟ್ಟಿ ಮುಚ್ಚಿದ್ದರು. ಎಳೆಯುತ್ತಿದ್ದುದು ಮಾತ್ರ ಉಗಿ ಎಂಜಿನ್! ಉಗಿಯನ್ನು ಎಂಜಿನ್ನಿನ ನೀರಿನ ತೊಟ್ಟಿಗೆ ತಿರುಗಿಸಿ ತಣಿಸಿದರೂ ಹೊಗೆ ಉಳಿಯಿತು. ಬೇಕರ್ ಸ್ಟ್ರೀಟ್ ನಿಲ್ದಾಣದ ಗೋಡೆಗಳಲ್ಲಿ ಬೆಳಕಿಗೂ ಗಾಳಿಗೂ ಓರೆಯಾಗಿ ಮೇಲಕ್ಕೇರುವ ಗೂಡುಗಳನ್ನು ಬಿಟ್ಟಿದ್ದರು. ಇಂದಿಗೂ ಅಲ್ಲಿ ನಿಂತವರಿಗೆ ಅವು ಕಾಣುತ್ತವೆ. ಅಲ್ಲಿಗೆ ವಿದ್ಯುತ್ ರೈಲು ಬರಲು 1905ರವರೆಗೆ ಕಾಯಬೇಕಾಯಿತು.

ಊರಿಗೆ ಮರಳಿದ ಮೇಲೆ ಹುಡುಗಿಯನ್ನು ತೊರವಿ ಕಡೆ ಕರೆದುಕೊಂಡು ಹೋದೆ. ಮೊದಲ ಬಾವಿಯ ಬಾಯಿಗೆ ಕಸ ತುಂಬಿತ್ತು. ನೋಡಿ ಹೊಟ್ಟೆ ಉರಿಯಿತು. ಮುಂದಿನದು ತೆರೆದಿತ್ತು. ಆಕೆಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಬಗ್ಗಿ ನೋಡಿದವಳು, "ಕಾಕಾ, ತಂಪ್ ಐತಿ" ಎಂದಳು.