ಬನವಾಸಿಯ ಮಧುಕೇಶ್ವರ ದೇವಸ್ಥಾನ ಕದಂಬರದ್ದೋ, ಹೊಯ್ಸಳರದ್ದೋ?

ಪ್ರಶ್ನೆ: ಬನವಾಸಿ ಕದಂಬರ ರಾಜಧಾನಿ ಅಂತಾರೆ. ಆದರೆ ದೇವಸ್ಥಾನದ ಕಂಬ ನೋಡಿದರೆ ಬೇಲೂರು, ಹಳೇಬೀಡು ನೆನಪಾಗುತ್ತದೆ. ಹಾಗಾದರೆ ಇದನ್ನು ಕಟ್ಟಿಸಿದ್ದು ಯಾರು?

ಉತ್ತರ: ಒಬ್ಬರೇ ಅಲ್ಲ. ಗರ್ಭಗುಡಿಯಿಂದ ಹೊರಗೆ ಬರುತ್ತಾ ಕಾಲವೂ ಈಚೆಗೆ ಸರಿಯುತ್ತದೆ. ದರ್ಶನ ಮುಗಿಸಿ, ಒಳಗಿನಿಂದ ಹೊರಕ್ಕೆ ನೋಡುತ್ತಾ ಬನ್ನಿ. ಶಿರಸಿಯಿಂದ ಸುಮಾರು 23 ಕಿ.ಮೀ. ದಾರಿ, ಅರ್ಧ ದಿನವನ್ನಾದರೂ ಇದಕ್ಕೇ ಇಟ್ಟುಕೊಳ್ಳಿ.

ಗರ್ಭಗುಡಿಯ ಮೂಲ ಕದಂಬರದ್ದು ಎಂಬುದು ಪರಂಪರೆಯ ಮಾತು. ಅದರ ಮೇಲಿನ ಶಿಖರ ಅಂಗಳದಿಂದಲೇ ಚೆನ್ನಾಗಿ ಕಾಣುವುದು. ಅಡ್ಡ ಪಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತಾ ಮೇಲೇರುವ ಈ ಬಗೆಗೆ ಕದಂಬ ನಾಗರ ಎನ್ನುತ್ತಾರೆ. ಆದರೆ ಶಿಖರ ಒಂದನ್ನೇ ನಂಬಿ ಕಾಲ ಹೇಳಹೊರಟರೆ ಎಡವುತ್ತೀರಿ. ಹೊಯ್ಸಳರ ದೊಡ್ಡಗದ್ದವಳ್ಳಿಯಲ್ಲೂ ಇದೇ ಬಗೆಯ ಶಿಖರಗಳಿವೆ.

ನಿಮಗೆ ಹಳೇಬೀಡು ನೆನಪಾದದ್ದು ಮುಂದಿನ ಮಂಟಪದಲ್ಲಿ, ಮತ್ತು ಅದು ಸರಿಯಾದ ಗುರುತೇ. ಅಲ್ಲಿರುವವು ತಿರುಗಣಿ ಕಂಬಗಳು, ಅಂದರೆ ಕಲ್ಲನ್ನು ತಿರುಗಿಸುತ್ತಾ ಕಡೆದಂತೆ ಗುಂಡಗಿರುವವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದ ಈ ಮಾದರಿಯನ್ನು ಹೊಯ್ಸಳರು ಮುಂದುವರಿಸಿದರು. ಬುಡ ಚೌಕ, ಮೇಲೆ ಗುಂಡಗಿನ ಬಳೆಗಳು, ಬಳೆಯಿಂದ ಬಳೆಗೆ ಚೂಪು ಅಂಚು. ಒಂದು ಕಂಬದ ಮುಂದೆ ನಿಂತು ನಿಮ್ಮ ಪ್ರತಿಬಿಂಬವನ್ನೇ ಗಮನಿಸಿ: ಉಬ್ಬಿದ ಭಾಗದಲ್ಲಿ ನೇರವಾಗಿ, ಕುಗ್ಗಿ ಕಾಣುತ್ತೀರಿ, ಒಳಬಾಗಿದ ಭಾಗದಲ್ಲಿ, ಸ್ವಲ್ಪ ಹಿಂದೆ ಸರಿದರೆ, ತಲೆಕೆಳಗಾಗುತ್ತೀರಿ. ಮಾಯೆಯೇನೂ ಇಲ್ಲ, ಉಬ್ಬುಗನ್ನಡಿ ತಗ್ಗುಗನ್ನಡಿಗಳ ಲೆಕ್ಕವೇ ಇದು. ಬೆರಗಾಗಬೇಕಾದ್ದು ಕಲ್ಲಿಗೆ ಅಷ್ಟು ಹೊಳಪು ಕೊಟ್ಟ ಕೈಗಳಿಗೆ. ಫ್ಲ್ಯಾಶ್ ಹಾಕಿದರೆ ಫೋಟೋದಲ್ಲಿ ಬರೀ ಬಿಳಿ ಚುಕ್ಕೆ ಉಳಿಯುತ್ತದೆ. ಓರೆ ಬೆಳಕಲ್ಲಿ, ಬದಿಯಿಂದ ತೆಗೆಯಿರಿ. ದಯವಿಟ್ಟು ಕಂಬ ಸವರಬೇಡಿ. ಕೈಯ ಎಣ್ಣೆ, ಬೆವರು ಹತ್ತಿ ಮೈ ಮಂಕಾಗುತ್ತದೆ.

ಕಲ್ಲಿನ ಮಂಚ ಇನ್ನೂ ಈಚಿನದು, ಶಿರಸಿ ಬಳಿಯ ಸೋದೆಯ ಅರಸರ ಕಾಲದ್ದು. ಕಾಲುಗಳ ಕೆತ್ತನೆ ನೋಡಲು ಬಗ್ಗಲೇಬೇಕು.

ಪ್ರಾಕಾರದಲ್ಲಿರುವ ಐದು ಹೆಡೆಯ ನಾಗಶಿಲ್ಪವನ್ನು ಹೆಚ್ಚಿನವರು ನೋಡದೇ ಹೊರಟುಬಿಡುತ್ತಾರೆ. ಹೊರಗೆ ಬಂದಂತೆ ಈಚಿನದು ಎಂಬ ಲೆಕ್ಕ ಇದಕ್ಕೆ ಹೊಂದದು: ಕದಂಬರಿಗಿಂತಲೂ ಹಿಂದಿನದು ಅದು. ಕದಂಬರಿಗೆ ಮೊದಲು ಬನವಾಸಿಯನ್ನು ಆಳಿದ ಚುಟು ವಂಶದ ಸಾತಕರ್ಣಿಯ ಕಾಲದ್ದು. ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನದಲ್ಲಿ ಕೆತ್ತಿದ ಶಿಲ್ಪಿಯ ಹೆಸರೂ ಇದೆ: ನಟಕ.