ರಷ್ಯಾ–ಚೀನಾ ಗಡಿ ಪತ್ರ ಲ್ಯಾಟಿನ್‌ನಲ್ಲಿ ಯಾಕಿತ್ತು?

ಓದುಗರ ಪ್ರಶ್ನೆ: 1689ರಲ್ಲಿ ರಷ್ಯಾ ಮತ್ತು ಚೀನಾ ಗಡಿ ಒಪ್ಪಂದ ಮಾಡಿಕೊಂಡಾಗ ಅದನ್ನು ಲ್ಯಾಟಿನ್‌ನಲ್ಲಿ ಬರೆದರು ಅಂತ ಎಲ್ಲೋ ಓದಿದೆ. ರಷ್ಯನ್ನರದೂ ಅಲ್ಲ, ಚೀನೀಯರದೂ ಅಲ್ಲ, ಆ ಭಾಷೆ ಅಲ್ಲಿಗೆ ಹೇಗೆ ಬಂತು?

ಉತ್ತರ: ಇಬ್ಬರದೂ ಅಲ್ಲ ಅನ್ನುವುದೇ ಅದರ ಅನುಕೂಲವಾಗಿತ್ತು. ಆದರೆ ಹಾಗಂತ ಯಾರೋ ಮೊದಲೇ ಕೂತು ಯೋಚನೆ ಮಾಡಿ ಆರಿಸಿದ್ದಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ.

ಮೊದಲು ಜಗಳ ಏನಿತ್ತು ಅಂತ ನೋಡೋಣ. ಸೇಬಲ್ ಎಂಬ ಪುಟ್ಟ ಪ್ರಾಣಿಯ ತುಪ್ಪಳಕ್ಕೆ ಆಗ ಭಾರಿ ಬೆಲೆ. ಅದನ್ನು ಹುಡುಕಿಕೊಂಡು ರಷ್ಯಾದ ಕೊಸಾಕರು, ಅಂದರೆ ಗಡಿನಾಡಿನ ಕುದುರೆ ಸವಾರ ಯೋಧರು, ಸೈಬೀರಿಯಾ ಉದ್ದಕ್ಕೂ ಬಂದು, 1640ರ ದಶಕದಲ್ಲಿ ಅಮೂರ್ ನದಿ ಮುಟ್ಟಿದರು. ಅದೇ ಹೊತ್ತಿಗೆ, 1644ರಲ್ಲಿ, ಚೀನಾದ ಈಶಾನ್ಯದಿಂದ ಬಂದ ಮಂಚುಗಳು ಬೀಜಿಂಗ್ ಹಿಡಿದು ಚಿಂಗ್ ರಾಜವಂಶದ ಆಳ್ವಿಕೆ ಶುರು ಮಾಡಿದ್ದರು. ಅಮೂರ್ ಅಂದರೆ ಮಂಚುಗಳ ತವರಿನ ಹಿತ್ತಿಲು. ಅಲ್ಲಿ ಗಡ್ಡದವರು ಬಂದು ಅಲ್ಬಾಜಿನ್ ಅಂತ ಮರದ ಕೋಟೆ ಕಟ್ಟಿ, ಊರವರಿಂದ ತುಪ್ಪಳದ ಕಂದಾಯ ವಸೂಲಿ ಮಾಡಿದರೆ ಸುಮ್ಮನಿರುತ್ತಾರಾ?

1685ರಲ್ಲಿ ಕಾಂಗ್‌ಶಿ ಚಕ್ರವರ್ತಿಯ ಸೈನ್ಯ ಆ ಕೋಟೆಯನ್ನು ಕಿತ್ತುಹಾಕಿತು. ಆದರೆ ಹೊಲದಲ್ಲಿ ನಿಂತಿದ್ದ ಬೆಳೆಯನ್ನು ಹಾಗೇ ಬಿಟ್ಟು ಹೋಯಿತು. ಸೈನ್ಯ ಬೆನ್ನು ತಿರುಗಿಸಿದ್ದೇ ತಡ, ರಷ್ಯನ್ನರು ವಾಪಸ್ ಬಂದು ಬೆಳೆ ಕೊಯ್ದುಕೊಂಡು, ಕೋಟೆಯನ್ನೂ ಮತ್ತೆ ಕಟ್ಟಿದರು. ಮರುವರ್ಷ ಮತ್ತೆ ಮುತ್ತಿಗೆ. ಒಳಗಿದ್ದ ಎಂಟು ನೂರಕ್ಕೂ ಹೆಚ್ಚು ಜನರಲ್ಲಿ ಕೊನೆಗೆ ಉಳಿದವರು ನೂರು ಮಂದಿಯೂ ಇಲ್ಲ. ಹೊರಗಿನ ಫಿರಂಗಿಗಿಂತ ಒಳಗಿನ ಸ್ಕರ್ವಿ ರೋಗವೇ ಜಾಸ್ತಿ ಜನರನ್ನು ತಿಂದಿತು.

ಹೊತ್ತಿಗೆ ಸರಿಯಾಗಿ ಇಬ್ಬರಿಗೂ ಬೇರೆ ತಲೆನೋವು ಶುರುವಾಯಿತು. ಮಾಸ್ಕೋ ಕ್ರೈಮಿಯಾದ ಕಡೆ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಮೇಲಾಗಿ ಅದಕ್ಕೆ ಬೀಜಿಂಗ್ ಜೊತೆ ವ್ಯಾಪಾರ ಬೇಕಿತ್ತು. ಕಾಂಗ್‌ಶಿಗೆ ಜುಂಗರ್ ಮಂಗೋಲರ ದೊರೆ ಗಾಲ್ದಾನ್‌ನ ಭಯ. ಅವನು 1688ರಲ್ಲಿ ಪಕ್ಕದ ಖಾಲ್ಖಾ ಮಂಗೋಲರ ಮೇಲೆ ಬಿದ್ದಿದ್ದ. ಅವನೂ ರಷ್ಯನ್ನರೂ ಕೈಜೋಡಿಸಿದರೆ ಕೆಲಸ ಕೆಟ್ಟಿತು. ಹಾಗಾಗಿ ಮಾತುಕತೆಗೆ ಕೂರೋಣ ಅಂತಾಯಿತು.

ಕೂರುವುದೇನೋ ಸರಿ, ಮಾತಾಡುವುದು ಯಾವ ಭಾಷೆಯಲ್ಲಿ?

ಇದು ಎಷ್ಟು ದೊಡ್ಡ ತೊಡಕು ಅಂತ ಗೊತ್ತಾಗಬೇಕಾದರೆ ಒಂದು ಹಳೇ ಕತೆ ಹೇಳಬೇಕು. 1618ರಲ್ಲಿ ಇವಾನ್ ಪೆತ್ಲಿನ್ ಎಂಬ ಕೊಸಾಕ್ ಬೀಜಿಂಗ್‌ವರೆಗೂ ಹೋಗಿ, ಆಗಿನ ಮಿಂಗ್ ಆಡಳಿತದಿಂದ ಒಂದು ಪತ್ರ ತಂದ. ಅದನ್ನು ಓದಬಲ್ಲವರು ರಷ್ಯಾದಲ್ಲಿ ಒಬ್ಬರೂ ಇರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಅದು ಹಾಗೇ ಬಿದ್ದಿತ್ತು. ನಾವು ‘ತಲೆಬುಡ ತಿಳಿಯಲ್ಲ’ ಅನ್ನುವ ಕಡೆ ರಷ್ಯನ್ನರು ಇವತ್ತಿಗೂ ‘ಚೀನೀ ಪತ್ರ’ ಅನ್ನುತ್ತಾರೆ.

ಇಲ್ಲಿ ಬರುತ್ತಾರೆ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು. ಬೀಜಿಂಗ್ ಅರಮನೆಯಲ್ಲಿ ಅವರಿಗೆ ಒಳ್ಳೆ ಸ್ಥಾನವಿತ್ತು. ಧರ್ಮ ಬೋಧನೆಗಾಗಿ ಅಲ್ಲ, ಖಗೋಳ, ಪಂಚಾಂಗದ ಲೆಕ್ಕ, ಫಿರಂಗಿ ಎರಕ ಇಂಥ ಕೆಲಸಗಳಿಗಾಗಿ. ಅವರಿಗೆ ಮಂಚು ಬರುತ್ತಿತ್ತು, ಯುರೋಪಿನಿಂದ ಬಂದವರಾದ್ದರಿಂದ ಲ್ಯಾಟಿನ್ ಅಂತೂ ನಾಲಿಗೆ ತುದಿಯಲ್ಲೇ ಇತ್ತು. 1676ರಲ್ಲಿ ರಷ್ಯಾದ ರಾಯಭಾರಿಯಾಗಿ ಬೀಜಿಂಗ್‌ಗೆ ಬಂದಿದ್ದ ನಿಕೊಲಾಯ್ ಸ್ಪಫಾರಿ ಮೊಲ್ಡೇವಿಯಾದವನು, ಓದಿದವನು. ಅವನೂ ಅರಮನೆಯ ಜೆಸ್ಯೂಟ್ ಫರ್ಡಿನಾಂಡ್ ಫರ್ಬೀಸ್ಟ್ ಕೂಡ ಲ್ಯಾಟಿನ್‌ನಲ್ಲೇ ಮಾತಾಡಿಕೊಂಡಿದ್ದರು. ದಾರಿ ಅಲ್ಲೇ ಬಿದ್ದಿತ್ತು.

1689ರ ಆಗಸ್ಟ್‌ನಲ್ಲಿ ನೆರ್ಚಿನ್ಸ್ಕ್ ಎಂಬ ಸೈಬೀರಿಯಾದ ಊರಿನ ಹೊರಗೆ ಎರಡೂ ಕಡೆಯವರು ಡೇರೆ ಹಾಕಿದರು. ರಷ್ಯಾದ ಪರ ಫ್ಯೊದರ್ ಗೊಲೊವಿನ್. ಚಿಂಗ್ ಪರ ಸೊಂಗೊತು, ಜೊತೆಗೆ ಕಾಂಗ್‌ಶಿಯ ಸೋದರಮಾವ ತೊಂಗ್ ಗುವೊಗಾಂಗ್. ದುಭಾಷಿಗಳಾಗಿ ಇಬ್ಬರು ಜೆಸ್ಯೂಟರು: ಪೋರ್ಚುಗಲ್‌ನ ತೊಮಾಸ್ ಪೆರೇರಾ, ಫ್ರಾನ್ಸ್‌ನ ಜೆರ್ಬಿಯೋಂ. ಜೆರ್ಬಿಯೋಂ ದಿನಚರಿ ಬರೆಯುತ್ತಿದ್ದದ್ದು ನಮ್ಮ ಪುಣ್ಯ. ರಷ್ಯನ್ನರ ಡೇರೆಯಲ್ಲಿ ಟರ್ಕಿಯ ರತ್ನಗಂಬಳಿ, ಮೇಜಿನ ಮೇಲೆ ಬರವಣಿಗೆ ಸಾಮಾನು, ಜೊತೆಗೊಂದು ಚೆಂದದ ಗಡಿಯಾರ. ಚಿಂಗ್ ಡೇರೆಯಲ್ಲಿ ಬರೀ ಬಟ್ಟೆ, ಕೂರಲು ಒಂದು ಉದ್ದನೆ ಬೆಂಚು. ಆದರೆ ಆ ಸಾದಾ ಡೇರೆಯ ಹಿಂದೆ ಸಾವಿರಾರು ಸೈನಿಕರು ನಿಂತಿದ್ದರು. ರಷ್ಯನ್ನರ ಸಂಖ್ಯೆ ಅದಕ್ಕೆ ಸಾಟಿಯೇ ಅಲ್ಲ. ಗಡಿಯಾರ ಯಾರ ಮೇಜಿನ ಮೇಲಿದ್ದರೇನು, ಹೊತ್ತು ನೋಡಿಕೊಂಡು ಅವಸರಪಡಬೇಕಾದವರು ಯಾರು ಅಂತ ಇಬ್ಬರಿಗೂ ಗೊತ್ತಿತ್ತು.

ಮಾತು ಸಾಗಿದ ದಾರಿ ನೋಡಿ. ಸೊಂಗೊತು ಮಂಚುವಿನಲ್ಲಿ ಹೇಳಬೇಕು. ಜೆಸ್ಯೂಟರು ಅದನ್ನು ಲ್ಯಾಟಿನ್ ಮಾಡಬೇಕು. ರಷ್ಯಾದ ಕಡೆ ಇದ್ದ ಆಂದ್ರೇ ಬೆಲೊಬೊತ್ಸ್ಕಿ ಎಂಬ ಪೋಲೆಂಡ್ ಮೂಲದವನು ಅದನ್ನು ರಷ್ಯನ್ ಮಾಡಬೇಕು. ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಅಲ್ಲಿ ಮಂಗೋಲ್ ಭಾಷೆ ಬಲ್ಲವರು ಎರಡೂ ಕಡೆ ಇದ್ದರು, ಮಧ್ಯೆ ಅದರಲ್ಲೂ ಮಾತು ನಡೆಯಿತು. ನನಗೆ ಕೇಳಿದರೆ ಅದೇ ಸುಲಭದ ದಾರಿ. ಆದರೆ ಅದು ಪಟ್ಟಾಗಿ ನಿಲ್ಲಲಿಲ್ಲ. ಜೆಸ್ಯೂಟರು ತಮ್ಮ ಕೈಯಿಂದ ಮಾತು ಜಾರಲು ಬಿಡಲಿಲ್ಲ ಅನ್ನುವುದು ಗೊಲೊವಿನ್‌ನ ಗುಮಾನಿ. ಗುಮಾನಿಗೆ ಕಾರಣವಿತ್ತು. ಆ ಪಾದ್ರಿಗಳು ಬಂದಿದ್ದು ಕಾಂಗ್‌ಶಿಯ ಕಡೆಯಿಂದ, ಅವನ ಮೆಚ್ಚುಗೆ ಅವರಿಗೆ ಬೇಕಿತ್ತು. ಮೂರು ವರ್ಷದ ನಂತರ, 1692ರಲ್ಲಿ, ಕ್ರೈಸ್ತ ಧರ್ಮಕ್ಕೆ ಅಡ್ಡಿಯಿಲ್ಲ ಅಂತ ಅವನ ಆಜ್ಞೆಯೂ ಹೊರಬಿತ್ತು.

ಕೊನೆಗೆ ಆದ ಪತ್ರದಲ್ಲಿ ಆರು ಕಲಮುಗಳು. ಸಹಿ, ಮೊಹರು ಬಿದ್ದದ್ದು ಲ್ಯಾಟಿನ್ ಪ್ರತಿಗೆ. ಅದರ ಜೊತೆ ರಷ್ಯನ್ನರು ರಷ್ಯನ್ ಪ್ರತಿ ಕೊಟ್ಟರು, ಚಿಂಗ್ ಕಡೆಯವರು ಮಂಚು ಪ್ರತಿ ಕೊಟ್ಟರು. ಗಮನಿಸಿ, ಚೀನೀ ಭಾಷೆಯ ಪ್ರತಿ ಆ ಲೆಕ್ಕದಲ್ಲೇ ಇಲ್ಲ. ಗಡಿನಾಡಿನ ವ್ಯವಹಾರವನ್ನು ಮಂಚುಗಳು ತಮ್ಮ ಭಾಷೆಯಲ್ಲೇ ಇಟ್ಟುಕೊಂಡಿದ್ದರು. ‘ಚೀನಾ’ ಅನ್ನುವ ಕಡೆ ಮಂಚು ಪ್ರತಿಯಲ್ಲಿರುವುದು ‘ದುಲಿಂಬಾಯಿ ಗುರುನ್’, ಅಂದರೆ ನಡುನಾಡು.

ಲ್ಯಾಟಿನ್‌ನಿಂದ ಆದ ನಿಜವಾದ ಲಾಭ ಇಲ್ಲಿದೆ. ಬೀಜಿಂಗ್‌ನ ಪದ್ಧತಿಯಲ್ಲಿ ಹೊರಗಿನ ದೊರೆಗಳೆಲ್ಲ ಕಾಣಿಕೆ ತರುವವರು, ಸಮಾನರಲ್ಲ. ಮಾಸ್ಕೋದ ತ್ಸಾರ್ ಅದಕ್ಕೆ ಒಪ್ಪುವವನಲ್ಲ. ಚೀನೀ ಭಾಷೆಯಲ್ಲಿ ಬರೆದಿದ್ದರೆ ಒಂದೊಂದು ಪದಕ್ಕೂ ಜಗಳ ಆಗುತ್ತಿತ್ತು. ಲ್ಯಾಟಿನ್‌ನಲ್ಲಿ ಇಬ್ಬರೂ ಸರಿಸಮ. ಮನೆಗೆ ಹೋಗಿ ತಮ್ಮ ತಮ್ಮ ಭಾಷೆಯಲ್ಲಿ ಹೇಗೆ ಹೇಳಿಕೊಂಡರೂ ಕೇಳುವವರಿಲ್ಲ.

ಪತ್ರದ ಮೊದಲ ಭಾಗ ನಮ್ಮ ಕ್ರಯಪತ್ರದ ಚಕ್ಕುಬಂದಿ ಇದ್ದ ಹಾಗಿದೆ. ಈ ಕಡೆ ಅರ್ಗುನ್ ಹೊಳೆ, ಆ ಕಡೆ ಗೊರ್ಬಿತ್ಸಾ ಹೊಳೆ, ಅದರ ತಲೆಯಿಂದ ಸಮುದ್ರದವರೆಗೆ ಬೆಟ್ಟದ ಸಾಲು. ಬೆಟ್ಟದಿಂದ ದಕ್ಷಿಣಕ್ಕೆ ಹರಿಯುವ ನೀರೆಲ್ಲ ಚಿಂಗ್‌ಗೆ, ಉತ್ತರಕ್ಕೆ ಹರಿಯುವುದು ರಷ್ಯಾಕ್ಕೆ. ಆದರೆ ಉದಾ ನದಿಯ ಹತ್ತಿರದ ಜಾಗದ ಬಗ್ಗೆ ಇಬ್ಬರಿಗೂ ಸರಿಯಾದ ಮಾಹಿತಿ ಇರಲಿಲ್ಲ. ಆಮೇಲೆ ನೋಡೋಣ ಅಂತ ಬರೆದು ಬಿಟ್ಟರು. ಅಷ್ಟು ಪ್ರಾಮಾಣಿಕವಾಗಿ ‘ಗೊತ್ತಿಲ್ಲ’ ಅಂದ ಗಡಿ ಪತ್ರ ನಾನು ಬೇರೆ ಕಂಡಿಲ್ಲ. ಅಲ್ಬಾಜಿನ್ ಕೋಟೆಯನ್ನು ನೆಲಸಮ ಮಾಡಿ ರಷ್ಯನ್ನರು ಹೊರಡಬೇಕು ಅಂತಾಯಿತು. ಅದಕ್ಕೆ ಬದಲಾಗಿ ಅವರಿಗೆ ಸಿಕ್ಕಿದ್ದು ವ್ಯಾಪಾರದ ಕಲಮು: ರಹದಾರಿ ಪತ್ರ ಇದ್ದವರು ಯಾರೇ ಆಗಲಿ ಗಡಿ ದಾಟಿ ಕೊಂಡುಕೊಳ್ಳಬಹುದು, ಮಾರಬಹುದು. ಆಮೇಲೆ ಬೀಜಿಂಗ್‌ಗೆ ರಷ್ಯಾದ ತುಪ್ಪಳ ಹೊತ್ತ ಸಾರ್ಥಗಳು ಹೋದವು, ರೇಷ್ಮೆ, ಹತ್ತಿಬಟ್ಟೆ ಹೊತ್ತು ಬಂದವು.

1727ರಲ್ಲಿ ಕ್ಯಾಖ್ತಾ ಒಪ್ಪಂದ ಆದಾಗಲೂ ಲ್ಯಾಟಿನ್ ಪ್ರತಿ ಇತ್ತು. ಮಂಗೋಲಿಯಾದ ಕಡೆಯ ಗಡಿ ಗೊತ್ತಾದದ್ದು ಆಗಲೇ. ಮೂರು ವರ್ಷಕ್ಕೊಮ್ಮೆ 200 ವ್ಯಾಪಾರಿಗಳ ಸಾರ್ಥ ಬೀಜಿಂಗ್‌ಗೆ ಬರಬಹುದು, ಉಳಿದಂತೆ ಗಡಿಯಲ್ಲೇ ಸಂತೆ ಅಂತ ತೀರ್ಮಾನವಾಯಿತು. ಲ್ಯಾಟಿನ್ ಹಂಗು ಸಾಕಾಗಿತ್ತು ಅನಿಸುತ್ತೆ. ರಷ್ಯಾದ ಕೆಲವು ಹುಡುಗರು ಬೀಜಿಂಗ್‌ನಲ್ಲಿದ್ದು ಭಾಷೆ ಕಲಿಯಬಹುದು ಅಂತ ಅದೇ ಪತ್ರದಲ್ಲಿ ಸೇರಿಸಿದರು. ಬೀಜಿಂಗ್‌ನಲ್ಲಿ 1708ರಲ್ಲೇ ರಷ್ಯನ್ ಕಲಿಸುವ ಶಾಲೆ ಶುರುವಾಗಿತ್ತು. 1858ರಲ್ಲಿ ಐಗುನ್ ಒಪ್ಪಂದದಲ್ಲಿ ರಷ್ಯಾ ಅಮೂರ್‌ನ ಉತ್ತರ ದಡವನ್ನು ಕಿತ್ತುಕೊಂಡಾಗ ಲ್ಯಾಟಿನ್ ಯಾರಿಗೂ ಬೇಕಾಗಲಿಲ್ಲ.

ಸಂತೆಗಂತೂ ಅದು ಎಂದೂ ಬೇಕಿರಲಿಲ್ಲ. ಗಡಿಯ ಈಚೆ ರಷ್ಯಾದ ಕ್ಯಾಖ್ತಾ, ಆಚೆ ಮೈಮೈಚೆಂಗ್. ಆ ಹೆಸರಿಗೆ ‘ಕೊಡು-ಕೊಳ್ಳುವ ಊರು’ ಅಂತ ಅರ್ಥ. ಅಲ್ಲಿ ಹೆಂಗಸರು ಇರುವಂತಿಲ್ಲ ಅಂತ ಚಿಂಗ್ ಆಡಳಿತದ ಕಟ್ಟುಪಾಡು, ಹಾಗಾಗಿ ಇಡೀ ಊರು ಬರೀ ಗಂಡಸರ ಅಂಗಡಿ ಸಾಲು. ಇಟ್ಟಿಗೆಯ ಹಾಗೆ ಒತ್ತಿದ ಟೀ, ಹೊಟ್ಟೆ ಸಾಫ್ ಮಾಡುವ ರೂಬಾರ್ಬ್ ಬೇರು ಅಲ್ಲಿಂದ ಈಚೆ ಬರುತ್ತಿದ್ದವು. ಚೀನೀ ವ್ಯಾಪಾರಿಗಳು ರಷ್ಯನ್ ಪದಗಳನ್ನು ಎತ್ತಿಕೊಂಡು, ಪ್ರತ್ಯಯ ಗಿತ್ಯಯ ಎಲ್ಲ ಉದುರಿಸಿ, ತಮ್ಮ ಭಾಷೆಯ ಧಾಟಿಯಲ್ಲಿ ಜೋಡಿಸಿ ಒಂದು ಸಂತೆ ಭಾಷೆ ಮಾಡಿಕೊಂಡರು. ಆ ಬಗೆಯ ಮಾತಿಗೆ ರಷ್ಯಾದಲ್ಲಿ ಈಗಲೂ ಕೊಡುವ ಉದಾಹರಣೆ ‘ಮೋಯಾ ತ್ವೋಯಾ ಪೊನಿಮಾಯ್ ನೆತು’. ಪದಕ್ಕೆ ಪದ ಇಟ್ಟರೆ, ‘ನನ್ನ ನಿನ್ನ ಅರ್ಥ ಇಲ್ಲ’.