ಹೊಳೆ ಉಳಿಸಲು ಮರ ಕಡಿದವರು, ಮತ್ತು ಅವರಿಗೆ ಕೂಲಿ ಕೊಟ್ಟವರು

ಹಾಳಾದ ಕಾಡು, ಹೊಳೆ, ಜೌಗುನೆಲಗಳನ್ನು ಸರಿಪಡಿಸಿದರೆ ಆ ಪ್ರದೇಶದ ಆದಾಯವೂ ಬೆಳೆಯುತ್ತದೆ ಎಂಬ ಮಾತು, 2021–2030ನ್ನು ವಿಶ್ವಸಂಸ್ಥೆ ಪರಿಸರ ಪುನಶ್ಚೇತನದ ದಶಕವೆಂದು ಸಾರಿದ ಮೇಲೆ ಎಲ್ಲೆಡೆ ಕೇಳುತ್ತಿದೆ. ವಿಚಾರ ಹೊಸದಲ್ಲ. ಅದು ಬಲ ಪಡೆದದ್ದು ಹಸಿರು ಕಾಳಜಿಗಿಂತ ಹೆಚ್ಚಾಗಿ ನಿರುದ್ಯೋಗದಿಂದ.

1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಕೆಲಸವಿಲ್ಲದ ಯುವಕರನ್ನು ಗಿಡ ನೆಡಲು, ಮಣ್ಣಿನ ಸವೆತ ತಡೆಯಲು ಕಳುಹಿಸಿದರು. ತಿಂಗಳ ಕೂಲಿ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಈ ಕಟ್ಟಳೆಯಲ್ಲೇ ಜಾಣತನವಿತ್ತು: ಗಿಡ ಬೆಳೆಯುವ ಎಷ್ಟೋ ಮೊದಲೇ ಹಣ ಊರಿನ ಅಂಗಡಿ ಮುಟ್ಟುತ್ತಿತ್ತು. ಯುದ್ಧ ಬಂದಿತು, 1942ರಲ್ಲಿ ಯೋಜನೆ ನಿಂತಿತು.

1990ರ ದಶಕದಲ್ಲಿ ಪ್ರಶ್ನೆ ತಿರುಗಿತು: ಸರ್ಕಾರದ ಪರಿಹಾರ ನಿಧಿಯಷ್ಟೇ ಏಕೆ, ಕಾಡು, ಹೊಳೆಗಳಿಂದ ಲಾಭ ಪಡೆಯುವವರೂ ಕೊಡಬಾರದೇಕೆ? ಮಧ್ಯ ಅಮೆರಿಕದ ಕೋಸ್ಟರಿಕ ದೇಶ 1996ರ ಅರಣ್ಯ ಕಾನೂನಿನ ಮೂಲಕ ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸುವ ಭೂಮಾಲೀಕರಿಗೆ ಕೊಡತೊಡಗಿತು. ನ್ಯೂಯಾರ್ಕ್ ನಗರ ಕೋಟ್ಯಂತರ ಡಾಲರುಗಳ ನೀರು ಶೋಧನಾ ಘಟಕ ಕಟ್ಟುವ ಬದಲು, 1997ರ ಒಪ್ಪಂದದಂತೆ ತನಗೆ ನೀರು ಕೊಡುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಜಲಾನಯನ ಪ್ರದೇಶಕ್ಕೆ ಹಣ ಹರಿಸಿತು. ಅಲ್ಲಿನ ಹೊಲಗಳ ಗೊಬ್ಬರದ ನಿರ್ವಹಣೆ, ಮನೆಗಳ ಶೌಚಗುಂಡಿಗಳ ದುರಸ್ತಿ ನಗರದ ಖರ್ಚಿನ ಪಟ್ಟಿಗೆ ಸೇರಿದವು.

ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಕಲಿಸುವ ಉದಾಹರಣೆ ದಕ್ಷಿಣ ಆಫ್ರಿಕಾದ್ದು. ನೆಲ್ಸನ್ ಮಂಡೇಲಾ ಸರ್ಕಾರದ ಜಲ ಸಚಿವ ಕಾದರ್ ಅಸ್ಮಲ್ 1995ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೂಲಿ ಸಿಕ್ಕಿದ್ದು ಮರ ನೆಡುವುದಕ್ಕಲ್ಲ, ಕಡಿಯುವುದಕ್ಕೆ. ತೊಗಟೆಗೂ ಮರಮಟ್ಟಿಗೂ ತಂದಿದ್ದ ಆಸ್ಟ್ರೇಲಿಯಾದ ವಾಟಲ್ (ಅಕೇಶಿಯಾ ಜಾತಿಯ ಮರ), ನೀಲಗಿರಿ, ಹೊರಗಿನ ಪೈನ್‌ಗಳು ತೋಪು ದಾಟಿ ಹೊಳೆದಂಡೆಗಳನ್ನೂ ಬೆಟ್ಟಗಳನ್ನೂ ಆವರಿಸಿದ್ದವು. ಸ್ಥಳೀಯ ಕುರುಚಲಿಗಿಂತ ಹೆಚ್ಚು ನೀರು ಹೀರುತ್ತಿದ್ದವು. ಅವುಗಳನ್ನು ತೆಗೆಯಲು ಬಡವರನ್ನು, ಅದರಲ್ಲೂ ಮಹಿಳೆಯರನ್ನು, ಸೇರಿಸಿಕೊಂಡು ತರಬೇತಿ ಕೊಡಲಾಯಿತು.

ಕಡಿದ ಬುಡಕ್ಕೆ ಕಳೆನಾಶಕ ಬಳಿಯದಿದ್ದರೆ ಅನೇಕ ಜಾತಿಗಳು ಮತ್ತೆ ಚಿಗುರುತ್ತವೆ. ಬಳಿದರೂ, ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುವ ವಾಟಲ್ ಬೀಜ ಒಂದು ಕಾಳ್ಗಿಚ್ಚು ಬಂದರೆ ದಂಡಿಯಾಗಿ ಮೊಳೆಯುತ್ತದೆ. ಹಾಗಾಗಿ ಅದೇ ಜಾಗಕ್ಕೆ ವರ್ಷಗಟ್ಟಲೆ ಮರಳಿ ಹೋಗಬೇಕು. ಅನುದಾನ ತಡವಾದ ಕಡೆ ಮೊದಲ ಸಲ ಸುರಿದ ಹಣವೂ ವ್ಯರ್ಥ. ಉದ್ಘಾಟನೆಗೆ ಸಿಗುವ ಹಣ ಎರಡನೇ ಸುತ್ತಿನ ಕಳೆ ಕೀಳಲು ಸಿಗುವುದು ಅಪರೂಪ. ಈ ಕ್ಷೇತ್ರದ ದೊಡ್ಡ ರೋಗ ಇದೇ ಎಂದು ನನ್ನ ಎಣಿಕೆ.

2018ರಲ್ಲಿ ಕೇಪ್‌ಟೌನ್‌ನ ನಲ್ಲಿಗಳು ಬತ್ತುವ ಹಂತಕ್ಕೆ ಬಂದಾಗ ಹೊರಗಿನ ಮರಗಳು ಹೀರುವ ನೀರಿನ ಲೆಕ್ಕ ಮತ್ತೆ ಚರ್ಚೆಗೆ ಬಂದಿತು. ನಗರಕ್ಕೆ ನೀರು ಕೊಡುವ ಬೆಟ್ಟಗಳಿಂದ ಈ ಮರಗಳನ್ನು ತೆರವುಗೊಳಿಸಿದರೆ ವರ್ಷಕ್ಕೆ ಸುಮಾರು 5,000 ಕೋಟಿ ಲೀಟರ್ ನೀರು ಉಳಿಯುತ್ತದೆ, ಅದೂ ಸಮುದ್ರದ ನೀರು ಸಿಹಿ ಮಾಡುವುದಕ್ಕಿಂತ ಎಷ್ಟೋ ಅಗ್ಗವಾಗಿ ಎಂದು ಅಂದಾಜಿಸಲಾಯಿತು. ಅದಕ್ಕೆಂದೇ ಜಲನಿಧಿಯೊಂದು ಹುಟ್ಟಿತು; ನಗರಾಡಳಿತವೂ ಖಾಸಗಿ ಕಂಪನಿಗಳೂ ಹಣ ಹಾಕಿದವು. ಕಡಿದಾದ ಬಂಡೆಗಳ ಮೇಲಿನ ಪೈನ್ ಕಡಿಯಲು ಹಗ್ಗ ಹಿಡಿದು ಇಳಿಯುವ ತಂಡಗಳಿಗೂ ಈಗ ಅದರಿಂದಲೇ ಸಂಬಳ.